ಮಂಗನ ಕಾಯಿಲೆ: ಕಾಡಿಗೆ ಹೋಗಬೇಡಿ ಅಂದರೆ ಮನೆ ನಡೆಯುವುದು ಹೇಗೆ?

ಮಲೆನಾಡಿನ ಮನೆಗೆ ದರಗು, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ, ಬೇಕೇ ಬೇಕು. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಬೇಕು, ಆಮೇಲೆ ಅದೇ ಗೊಬ್ಬರವಾಗಿ ತೋಟಕ್ಕೆ ಹೋಗಬೇಕು. ಚಳಿ ಶುರುವಾಗಿ ಎಲೆ ಉದುರತೊಡಗಿದರೆ ಹೆಂಗಸರು ಹೆಡಿಗೆ ಹಿಡಿದು ಬೆಟ್ಟಕ್ಕೆ ಹೊರಡುತ್ತಾರೆ. ಸೌದೆಯೂ ಅಲ್ಲಿಂದಲೇ, ದನ ಮೇಯುವುದೂ ಅಲ್ಲೇ. ಆ ಒಣಗಿದ ಎಲೆಗಳ ನಡುವೆ ಸಾಸಿವೆ ಕಾಳಿನಷ್ಟು ಸಣ್ಣ ಉಣುಗಿನ ಮರಿ ಕೂತಿರುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅದರಲ್ಲಿ ವೈರಸ್ ಇದ್ದರೆ ಮೂರರಿಂದ ಎಂಟು ದಿನದೊಳಗೆ ಮಂಗನ ಕಾಯಿಲೆಯ ಜ್ವರ ಬರುತ್ತದೆ.

ಮಂಗನ ಕಾಯಿಲೆಯ ಕಥೆಯನ್ನು ಸಾಮಾನ್ಯವಾಗಿ ಸತ್ತ ಮಂಗದಿಂದ ಶುರುಮಾಡುತ್ತಾರೆ. ನನಗೆ ಮನೆಯಿಂದ ಶುರುಮಾಡಬೇಕು ಅನಿಸುತ್ತದೆ. ಅರವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ "ಕಾಡಿಗೆ ಹೋಗಬೇಡಿ" ಎಂಬ ಮಾತು ಕೇಳುತ್ತಾ ಬಂದವರು, ಕಾಡಿಲ್ಲದೆ ಒಲೆ ಉರಿಯದ ಮನೆಯವರೇ ಅಲ್ವಾ?

1957ರಲ್ಲಿ ನಮ್ಮದಿನ್ನೂ ಮೈಸೂರು ರಾಜ್ಯ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳೂ ಕಪ್ಪು ಮುಖದ ಮುಸಿಯಗಳೂ ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಊರಿನವರಿಗೂ ಜ್ವರ. ಮೊದಲು ಟೈಫಾಯ್ಡ್ ಇರಬೇಕು ಅಂದುಕೊಂಡರು. ಮಂಗಗಳು ಸಾಯುತ್ತಿವೆ ಎಂಬ ಸುದ್ದಿ ಕೇಳಿದ ವಿಜ್ಞಾನಿಗಳಿಗೆ ಬೇರೆಯೇ ದಿಗಿಲು. ಮಂಗಗಳಿಗೂ ತಗಲುವ, ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ? ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ಪರೀಕ್ಷೆ ಮಾಡಿದಾಗ ಅದು ಹಳದಿ ಜ್ವರ ಅಲ್ಲ ಎಂದು ತಿಳಿಯಿತು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ್ದು, ಆದರೆ ಹೊಸದು. ವೈರಸ್ಸಿಗೆ ಕ್ಯಾಸನೂರಿನ ಹೆಸರೇ ಬಂತು. ಆ ವರ್ಷ 466 ಮಂದಿಗೆ ಕಾಯಿಲೆ ಬಂದಿದ್ದು ದಾಖಲಾಯಿತು, ಮರುವರ್ಷ 181 ಮಂದಿಗೆ.

"ಮಂಗನ ಕಾಯಿಲೆ" ಎಂಬ ಹೆಸರು ಮಾತ್ರ ಒಂದು ತಪ್ಪು ತಿಳಿವಳಿಕೆಯನ್ನೂ ಜೊತೆಗೇ ತಂದಿತು. ಮಂಗ ನಮ್ಮ ಹಾಗೇ ಈ ರೋಗಕ್ಕೆ ಬಲಿಯಾಗುವ ಪ್ರಾಣಿ. ಅದು ಸತ್ತಾಗ ಮೈಮೇಲಿದ್ದ ಉಣುಗುಗಳು ಸುತ್ತಲಿನ ನೆಲಕ್ಕೆ ಉದುರುತ್ತವೆ, ಆ ಜಾಗ ಅಪಾಯದ್ದಾಗುತ್ತದೆ. ಅದಕ್ಕೇ ಮಂಗ ಸತ್ತ ಜಾಗದ ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕುವುದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಹಾಗಿದ್ದರೂ ಜ್ವರ ಬಂದವರ ಮನೆಗೆ ನೆಂಟರು ಬರುವುದು ನಿಲ್ಲುತ್ತದೆ, ಕೆಲಸಕ್ಕೆ ಕರೆದರೆ ಆಳು ಸಿಗುವುದಿಲ್ಲ.

ಜ್ವರ ಬರುವ ಕಾಲವೂ ಎಂಥದ್ದು ನೋಡಿ. ನವೆಂಬರ್, ಡಿಸೆಂಬರಿನಲ್ಲಿ ಶುರುವಾಗಿ ಮಳೆ ಹಿಡಿಯುವವರೆಗೂ ಇರುತ್ತದೆ. ಅಡಿಕೆ ಕೊಯ್ಲು, ಸುಲಿತ, ಬೇಯಿಸಿ ಒಣಗಿಸುವುದು, ಎಲ್ಲಾ ಅದೇ ತಿಂಗಳುಗಳಲ್ಲಿ. ವರ್ಷದ ದುಡ್ಡು ಕೈಗೆ ಬರುವ ಹೊತ್ತು. ಆಗ ಮನೆಯಲ್ಲಿ ಒಬ್ಬರು ಮಲಗಿದರೆ ಅವರನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಎರಡು ಜೊತೆ ಕೈ ಹೋಯಿತು.

ಸಾಗರದ ಕಡೆಯ ನಮ್ಮ ಅತ್ತೆಗೆ ಒಂದು ಫೆಬ್ರವರಿಯಲ್ಲಿ ಜ್ವರ ಬಂತು. ತಲೆ ಸಿಡಿಯುವಂಥ ನೋವು, ಸೊಂಟ, ಮೀನಖಂಡ ಹಿಂಡುವ ನೋವು, ಕಣ್ಣು ಕೆಂಪು, ವಾಂತಿ. ಒಂಬತ್ತನೇ ದಿನ ಜ್ವರ ಬಿಟ್ಟಿತು. ಎಲ್ಲರಿಗೂ ಉಸಿರು ಬಂತು. ಅತ್ತೆ ಎದ್ದು ಗಂಜಿ ಕುಡಿದರು, ಎರಡು ದಿನ ಸುಮ್ನೆ ಜಗುಲಿಯಲ್ಲಿ ಕೂತರು. ಹತ್ತು ದಿನ ಕಳೆದ ಮೇಲೆ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂತರು. ಕೈ ನಡುಗುತ್ತಿತ್ತು. ಅಡಿಕೆ ಕತ್ತಿಗೆ ಕೂರುತ್ತಲೇ ಇಲ್ಲ, ಜಾರಿ ಜಾರಿ ಬೀಳುತ್ತದೆ. ಸುಸ್ತು, ನಿಶ್ಶಕ್ತಿ ಅಂದರು ಮನೆಯವರು. ಆ ರಾತ್ರಿ ಮತ್ತೆ ಜ್ವರ, ಕುತ್ತಿಗೆ ಬಗ್ಗಿಸಲಾಗದಷ್ಟು ಬಿಗಿತ, ಏನೇನೋ ಮಾತು.

ಈ ಕಾಯಿಲೆ ಕೆಲವರಿಗೆ ಹೀಗೆ ಎರಡು ಸುತ್ತಿನಲ್ಲಿ ಬರುತ್ತದೆ. ವಾಸಿಯಾಯಿತು ಅಂದುಕೊಂಡ ಒಂದೆರಡು ವಾರದ ಮೇಲೆ ಮೆದುಳು, ನರಗಳಿಗೆ ತಗಲುವ ಎರಡನೇ ಸುತ್ತು. ಇದನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳಬೇಕು. ನಮ್ಮವರಿಗೆ ಯಾರೂ ಹೇಳಿರಲಿಲ್ಲ. ಅತ್ತೆ ಉಳಿದರು. ಆದರೆ ಮತ್ತೆ ಮೆಟ್ಟುಗತ್ತಿ ಹಿಡಿದಿದ್ದು ಮುಂದಿನ ವರ್ಷದ ಕೊಯ್ಲಿಗೆ.

ವೈರಸ್ಸನ್ನು ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ. ಜ್ವರ ಇಳಿಸುವುದು, ಡ್ರಿಪ್ ಹಾಕುವುದು, ಪ್ಲೇಟ್‌ಲೆಟ್ ನೋಡುತ್ತಿರುವುದು, ರಕ್ತಸ್ರಾವವಾದರೆ ರಕ್ತ ಕೊಡುವುದು. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ಸಾಮಾನ್ಯ ಲೆಕ್ಕ.

ಕಾಯಿಲೆ ಶಿವಮೊಗ್ಗದಲ್ಲೇ ಕೂರಲಿಲ್ಲ. ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್ ಇಲ್ಲಿ ಕೆಲಸ ಮಾಡಿ 1969ರಲ್ಲೇ ಒಂದು ಮಾತು ಬರೆದಿದ್ದರು. ಕಾಡನ್ನು ಅಲ್ಲಲ್ಲಿ ಕಡಿದು, ಅಂಚಿನಲ್ಲಿ ದನ ಮೇಯಲು ಬಿಟ್ಟಾಗ ಉಣುಗು ಹೆಚ್ಚುತ್ತದೆ, ಮನುಷ್ಯರೂ ಅಲ್ಲೇ ಓಡಾಡುತ್ತಾರೆ ಎಂದು. 1980ರ ದಶಕದ ಶುರುವಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದರು. ಅದರ ಹಿಂದೆಯೇ ಬಂದ ಜ್ವರ ಸಾವಿರಕ್ಕೂ ಹೆಚ್ಚು ಜನರನ್ನು ಮಲಗಿಸಿತು. ಕಾಡು ಕಡಿಯುವ ತೀರ್ಮಾನ ಮಾಡಿದವರು ಬೇರೆ, ಜ್ವರದಲ್ಲಿ ಬಿದ್ದವರು ಬೇರೆ. ಆಮೇಲೆ 2012ರಲ್ಲಿ ಬಂಡೀಪುರ, ಅದರ ಬೆನ್ನಿಗೇ ನೀಲಗಿರಿ, ವಯನಾಡು, ಮುಂದೆ ಗೋವಾ, ಸಿಂಧುದುರ್ಗ. ಈಗ ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ.

ಲಸಿಕೆಯ ಕಥೆ ನೋವಿನದ್ದು. ಮೊದಮೊದಲು ರಷ್ಯಾದ ಮೆದುಳು ಜ್ವರದ ವಿರುದ್ಧ ಮಾಡಿದ್ದ ಲಸಿಕೆಯನ್ನು ಇಲ್ಲಿನ ಜನರಿಗೆ ಕೊಟ್ಟು ನೋಡಿದರು, ಹಿಡಿಯಲಿಲ್ಲ. ಕ್ಯಾಸನೂರು ವೈರಸ್ಸಿನಿಂದಲೇ ಮಾಡಿದ ಲಸಿಕೆ 1990ರ ಹೊತ್ತಿಗೆ ಬಂತು. ಅದನ್ನು ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಿಸುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ. ಚುಚ್ಚಿದ ಕಡೆ ಚೆನ್ನಾಗಿಯೇ ನೋಯುತ್ತಿತ್ತು. ಕೂಲಿ ಬಿಟ್ಟು ಬರಬೇಕು, ತೋಳು ನೋಯಿಸಿಕೊಳ್ಳಬೇಕು, ಮತ್ತೆ ಬರಬೇಕು. ಎಷ್ಟೋ ಜನ ಎರಡನೇ ಡೋಸಿಗೆ ಬರಲಿಲ್ಲ. ಅದನ್ನು ಜನರ ಅಸಡ್ಡೆ ಎನ್ನಲು ನನಗೆ ಮನಸ್ಸಿಲ್ಲ. 2005ರಿಂದ 2010ರವರೆಗಿನ ಲೆಕ್ಕ ಇಟ್ಟು ನೋಡಿದಾಗ ಎರಡು ಡೋಸಿನಿಂದ ಸಿಕ್ಕ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು.

2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜ್ವರ ಎದ್ದಿತು. ಶರಾವತಿ ಹಿನ್ನೀರಿನ ಸೀಮೆ ಅದು. ಒಂದೇ ಪಂಚಾಯ್ತಿಯಲ್ಲಿ ಸಾವಿನ ಮೇಲೆ ಸಾವು. ಊರು ಬಿಟ್ಟು ನೆಂಟರ ಮನೆ ಸೇರಿದವರಿದ್ದಾರೆ. ಜಾಸ್ತಿಯಾದವರನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಿತ್ತು. ಚಿಕಿತ್ಸೆಯ ಖರ್ಚನ್ನು ಸರ್ಕಾರ ವಹಿಸಿಕೊಂಡಿತು, ಅದು ದೊಡ್ಡ ಆಸರೆ. ಆದರೆ ಆ ಬಿಲ್ಲಿನಲ್ಲಿ ಜೊತೆಗಿದ್ದವರ ಊಟ, ಬಸ್ ಚಾರ್ಜು, ಹೋದ ಕೂಲಿ ಇರುವುದಿಲ್ಲ. ಊರಲ್ಲಿ ಹಾಲು ಕರೆಯಲು ಯಾರನ್ನು ಕೇಳಿಕೊಳ್ಳುವುದು, ಚಪ್ಪರದ ಮೇಲೆ ಹರವಿದ ಅಡಿಕೆಯನ್ನು ಯಾರು ನೋಡುತ್ತಾರೆ, ಪರೀಕ್ಷೆ ಹತ್ತಿರ ಬಂದ ಮಗುವಿಗೆ ಅಡುಗೆ ಯಾರು ಮಾಡುತ್ತಾರೆ, ಇದೆಲ್ಲ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಫೋನಿನಲ್ಲೇ ನಡೆಯಬೇಕು.

ಲಸಿಕೆಯ ಬಲ ಸಾಲದು ಎಂದು 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು. ಬದಲಿಗೆ ಇನ್ನೊಂದು ಕೈಯಲ್ಲಿರಲಿಲ್ಲ. 2024ರ ಶುರುವಿನಲ್ಲಿ ಮತ್ತೆ ಸಾವುಗಳಾದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಿವೆ.

ಹಳೇ ಲಸಿಕೆ ನಿಂತ ಮೇಲೆ ಮನೆಗಳಿಗೆ ಉಳಿದಿದ್ದು ಉಣುಗು ಮೈಗೆ ಹತ್ತದಂತೆ ಹಚ್ಚುವ ಎಣ್ಣೆ. ಮೊದಲು ಡಿಎಂಪಿ ಎಂಬ ಎಣ್ಣೆ ಇತ್ತು, ಈಗ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಡೀಪಾ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಕೊಡುತ್ತಾರೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಬೇಕು, ಕೆಲವು ಗಂಟೆ ಕಳೆದರೆ ಮತ್ತೆ ಹಚ್ಚಬೇಕು. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ತಿಕ್ಕಬೇಕು. ಅತ್ತೆಯ ಮನೆಯಲ್ಲಿ ಡೀಪಾ ಬಾಟಲಿ ಕೊಟ್ಟಿಗೆ ಬಾಗಿಲ ಪಕ್ಕದ ಗೂಡಿನಲ್ಲಿ, ಕತ್ತಿಯ ಜೊತೆಗಿದೆ. ದರಗಿಗೆ ಈಗ ಸೊಸೆ ಹೋಗುತ್ತಾಳೆ. ಅವಳು ವಾಪಸ್ ಬಂದ ಕೂಡಲೇ ಅತ್ತೆ ಬಿಸಿಲಿಗೆ ಕರೆದು ನಿಲ್ಲಿಸಿ, ಕಿವಿಯ ಹಿಂದೆ, ಕುತ್ತಿಗೆ, ಮೊಣಕಾಲ ಸಂದು ಎಲ್ಲಾ ಒಂದೊಂದಾಗಿ ನೋಡುತ್ತಾರೆ.