ಚಿತ್ರ ಚೆನ್ನಾಗಿದ್ದರೆ ಸಾಕಾ? ರಾನಿ ಡೆಲ್ ಕಾರ್ಮೆನ್ ಮೇಲೆ ಬಂದ ದಾರಿ

ಪ್ರಶ್ನೆ: ನಾನು ಟ್ಯಾಬ್ಲೆಟ್‌ನಲ್ಲಿ ಚಿತ್ರ ಬಿಡಿಸುತ್ತೇನೆ. ಕೈ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅನಿಮೇಷನ್ ಅಂದರೆ ನೂರಾರು ಜನರ ಕೆಲಸ. ಅದರಲ್ಲಿ ಒಬ್ಬರ ಹೆಸರು ಗುರುತಿಗೆ ಬರೋದು ಹೇಗೆ? ನಮ್ಮಂಥ ದೇಶಗಳಿಂದ ಹೋದವರು ಯಾರಾದರೂ ಹಾಗೆ ಬೆಳೆದಿದ್ದಾರಾ?

ಉತ್ತರ: ಬೆಳೆದಿದ್ದಾರೆ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಫಿಲಿಪೀನ್ಸ್‌ನ ರಾನಿ ಡೆಲ್ ಕಾರ್ಮೆನ್. 2009ರ 'ಅಪ್' ಸಿನಿಮಾ ನೋಡಿದ್ದೀರಾ? ಶುರುವಿನಲ್ಲಿ ಕಾರ್ಲ್ ಮತ್ತು ಎಲೀ ದಂಪತಿಯ ಇಡೀ ಸಂಸಾರ ನಾಲ್ಕೇ ನಿಮಿಷದಲ್ಲಿ, ಮಾತೇ ಇಲ್ಲದೆ ಕಣ್ಣ ಮುಂದೆ ಹಾದುಹೋಗುತ್ತದೆ. ಆ ಭಾಗದ ಸ್ಟೋರಿಬೋರ್ಡ್, ಅಂದರೆ ಕಥೆಯ ಕರಡು ಚಿತ್ರಗಳು, ಬರೆದವರು ಇವರೇ.

ಅದರಲ್ಲಿ ಒಂದು ಗಾಜಿನ ಜಾಡಿ ಬರುತ್ತದೆ. ಜಲಪಾತದ ಪ್ರವಾಸಕ್ಕೆ ಅಂತ ಗಂಡ ಹೆಂಡತಿ ಅದರಲ್ಲಿ ಚಿಲ್ಲರೆ ಕೂಡಿಡುತ್ತಾರೆ. ಕಾರಿನ ಟೈರ್ ಹೋಗುತ್ತದೆ, ಜಾಡಿ ಒಡೆಯುತ್ತಾರೆ. ಕಾರ್ಲ್ ಕಾಲು ಮುರಿದುಕೊಳ್ಳುತ್ತಾನೆ, ಮತ್ತೆ ಒಡೆಯುತ್ತಾರೆ. ಮನೆಯ ಸೂರಿನ ಮೇಲೆ ಮರ ಬೀಳುತ್ತದೆ, ಮತ್ತೆ. ನಮ್ಮ ಮನೆಗಳಲ್ಲಿ ಚೀಟಿ ದುಡ್ಡು ಆಸ್ಪತ್ರೆಗೆ ಹೋಗುತ್ತಲ್ಲ, ಥೇಟ್ ಹಾಗೇ. ಗುಡ್ಡ ಹತ್ತುವುದನ್ನೂ ಗಮನಿಸಿ. ಚಿಕ್ಕ ವಯಸ್ಸಿನಲ್ಲಿ ಎಲೀ ಓಡಿ ಮುಂದೆ ಹೋಗುತ್ತಾಳೆ, ಕಾರ್ಲ್ ಏದುಸಿರು ಬಿಡುತ್ತಾ ಹಿಂದೆ. ಮುಪ್ಪಿನಲ್ಲಿ ಮುಂದೆ ಇರುವವನು ಕಾರ್ಲ್. ಎಲೀ ಹತ್ತಲಾರದೆ ಕುಸಿಯುತ್ತಾಳೆ. ಅವಳಿಗೆ ಹುಷಾರಿಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಕಣ್ಣಿಗೆ ಕಂಡುಬಿಡುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಸ್ಟೋರಿಬೋರ್ಡ್ ಅಂದರೆ ಸಿನಿಮಾ ಮಾಡುವ ಮೊದಲು ಕಥೆಯನ್ನು ಚೌಕ ಚೌಕವಾಗಿ ಬರೆದು ನೋಡುವುದು. ಮೊದಲೆಲ್ಲ ಕಾಗದದ ಮೇಲೆ ಬರೆದು ಬೋರ್ಡಿಗೆ ಪಿನ್ ಚುಚ್ಚುತ್ತಿದ್ದರು. ಆಮೇಲೆ ಡಿಜಿಟಲ್ ಪೆನ್ ಬಂತು. ಬರೆದಾದ ಮೇಲೆ ಎಲ್ಲರ ಮುಂದೆ ನಿಂತು, ಒಂದೊಂದೇ ಚೌಕ ತೋರಿಸುತ್ತಾ ಕಥೆ ಹೇಳಬೇಕು. ಗೆರೆ ನಯವಾಗಿದೆಯಾ ಅಂತ ಅಲ್ಲಿ ಯಾರೂ ನೋಡುವುದಿಲ್ಲ. ಮುಂದೇನಾಯ್ತು ಅನ್ನಿಸಿತಾ, ಅಷ್ಟೇ ಮುಖ್ಯ.

ಡೆಲ್ ಕಾರ್ಮೆನ್ ಹುಟ್ಟಿದ್ದು 1959ರಲ್ಲಿ, ಮನಿಲಾ ಕೊಲ್ಲಿಯ ದಡದ ಕವೀಟೆಯಲ್ಲಿ. ಫಿಲಿಪೀನ್ಸ್‌ನಲ್ಲಿ 'ಅಪಾಕಲಿಪ್ಸ್ ನೌ' ಅನ್ನೋ ಹಾಲಿವುಡ್ ಸಿನಿಮಾದ ಶೂಟಿಂಗ್ ನಡೆದಾಗ, ಹದಿಹರೆಯದ ಈ ಹುಡುಗ ಸೆಟ್‌ಗೆ ಬಣ್ಣ ಬಳಿಯುವ ಕೆಲಸ ಮಾಡಿದ. ಸ್ಯಾಂಟೊ ಟೊಮಾಸ್ ವಿಶ್ವವಿದ್ಯಾಲಯದಲ್ಲಿ ಓದಿ ಜಾಹೀರಾತು ಕೆಲಸಕ್ಕೆ ಸೇರಿದ. 1989ರಲ್ಲಿ ಅಮೆರಿಕಕ್ಕೆ ಹೊರಟಾಗ ಮೂವತ್ತರ ಹತ್ತಿರ. ಈಗ ತಡವಾಯ್ತಾ ಅಂತ ಕೇಳುವ ಎಷ್ಟೋ ಜನರಿಗೆ ನಾನು ಈ ವಯಸ್ಸನ್ನೇ ತೋರಿಸುತ್ತೇನೆ.

ಅಲ್ಲಿ ಸಿಕ್ಕಿದ್ದು ಬ್ಯಾಟ್‌ಮನ್ ಟೀವಿ ಸರಣಿಯ ಸ್ಟೋರಿಬೋರ್ಡ್ ಕೆಲಸ. ಆಮೇಲೆ ಡ್ರೀಮ್‌ವರ್ಕ್ಸ್ ಅನಿಮೇಷನ್ ಸ್ಟುಡಿಯೊ, 2000ದಲ್ಲಿ 'ಅಪ್' ಮಾಡಿದ ಪಿಕ್ಸಾರ್ ಸ್ಟುಡಿಯೊ. ನಡುವೆ ಕಾಮಿಕ್ಸ್ ಬಿಡಲಿಲ್ಲ. ಬ್ಯಾಟ್‌ಮನ್‌ನ ಒಂದು ಹಬ್ಬದ ವಿಶೇಷ ಸಂಚಿಕೆಗೆ 1995ರಲ್ಲಿ ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿ ಬಂತು. ಅದರ ಕಲಾವಿದರಲ್ಲಿ ಇವರೂ ಒಬ್ಬರು. 'ಅಪ್' ಹೊತ್ತಿಗೆ ಸ್ಟೋರಿ ಸೂಪರ್‌ವೈಸರ್, ಅಂದರೆ ಸ್ಟೋರಿಬೋರ್ಡ್ ತಂಡದ ಮುಖ್ಯಸ್ಥ. ಅದೇ ವರ್ಷ ಒಂದು ಕಿರುಚಿತ್ರದ ನಿರ್ದೇಶನವೂ ಸಿಕ್ಕಿತು. ದೇಶ ಬಿಟ್ಟು ಇಪ್ಪತ್ತು ವರ್ಷ ಆಗಿತ್ತು.

ಇಷ್ಟು ದಿನ ಯಾಕೆ ಬೇಕಾಯ್ತು? ಈ ಕೆಲಸದಲ್ಲಿ ಬರೆದದ್ದು ಉಳಿಯುವುದೇ ಕಡಿಮೆ. 2015ರ 'ಇನ್‌ಸೈಡ್ ಔಟ್' ನೋಡಿ, ಇವರು ಅದರ ಸಹನಿರ್ದೇಶಕ. ಅದರಲ್ಲಿ ಸಂತೋಷ, ದುಃಖ, ಭಯದಂಥ ಭಾವನೆಗಳೇ ಪಾತ್ರಗಳು. ರೈಲಿ ಅನ್ನೋ ಹುಡುಗಿಯ ತಲೆಯೊಳಗೆ ಸಂತೋಷದ ಜೊತೆ ದಾರಿ ತಪ್ಪಿಸಿಕೊಳ್ಳುವುದು ಮೊದಲು ಭಯ ಆಗಿತ್ತು. ವರ್ಷಗಟ್ಟಲೆ ಬರೆದ ಮೇಲೆ ನಿರ್ದೇಶಕ ಪೀಟ್ ಡಾಕ್ಟರ್‌ಗೆ ಅಲ್ಲಿರಬೇಕಾದ್ದು ದುಃಖ ಅನ್ನಿಸಿತು. ಕಥೆಯನ್ನೇ ಮತ್ತೆ ಕಟ್ಟಬೇಕಾಯಿತು. ಹಳೇ ಚೌಕಗಳು ಪಕ್ಕಕ್ಕೆ ಹೋದವು. ಪ್ರೇಕ್ಷಕರಿಗೆ ಅವು ಕಾಣುವುದೇ ಇಲ್ಲ. ಯಾರ ಕೈಯಲ್ಲಿ ಕಥೆ ನಿಲ್ಲುತ್ತೆ ಅಂತ ಗೊತ್ತಿರುವುದು ಆ ಕೋಣೆಯಲ್ಲಿ ಕೂತವರಿಗೆ ಮಾತ್ರ. ಹಾಗಾಗಿ ಗುರುತು ಮೊದಲು ಅಲ್ಲಿ ಸಿಗುತ್ತದೆ. ಹೊರಗಿನವರಿಗೆ ಹೆಸರು ತಿಳಿಯುವುದು ಎಷ್ಟೋ ಆಮೇಲೆ.

ಹೊರಗೆ ಸಿಕ್ಕಾಗಲೂ ಪೂರ್ತಿ ಸಿಗುವುದಿಲ್ಲ. ಆ ಸಿನಿಮಾಕ್ಕೆ 2016ರಲ್ಲಿ ಆಸ್ಕರ್ ಬಂತು. ಪ್ರತಿಮೆ ಕೈಗೆ ಸಿಕ್ಕಿದ್ದು ಪೀಟ್ ಡಾಕ್ಟರ್ ಮತ್ತು ನಿರ್ಮಾಪಕ ಜೋನಸ್ ರಿವೇರಾ ಅವರಿಗೆ. ಸಹನಿರ್ದೇಶಕರ ಹೆಸರು ಅದರಲ್ಲಿ ಇಲ್ಲ. ಡೆಲ್ ಕಾರ್ಮೆನ್ ಹೆಸರು ಇದ್ದದ್ದು ಚಿತ್ರಕಥೆಯ ನಾಮನಿರ್ದೇಶನದಲ್ಲಿ, ಮೂಲಕಥೆ ಬರೆದ ಇಬ್ಬರಲ್ಲಿ ಒಬ್ಬರಾಗಿ. ಆ ಪ್ರಶಸ್ತಿ ಬೇರೆ ಸಿನಿಮಾಕ್ಕೆ ಹೋಯಿತು. ಆದರೂ ಸೆಟ್‌ಗೆ ಬಣ್ಣ ಬಳಿಯುತ್ತಿದ್ದ ಹುಡುಗನ ಹೆಸರು ಬರಹಗಾರರ ಪಟ್ಟಿಗೆ ಬಂತಲ್ಲ, ನನಗೆ ಅದೇ ಪ್ರತಿಮೆಗಿಂತ ದೊಡ್ಡದು.

ನಮ್ಮವರು ಗಮನಿಸಬೇಕಾದ್ದು ಇನ್ನೊಂದಿದೆ. ಮನಿಲಾದಲ್ಲಿ 1980ರ ದಶಕದಿಂದಲೇ ಹಾನಾ ಬಾರ್ಬೆರಾ, ಆಮೇಲೆ ಡಿಸ್ನಿಯಂಥ ಕಂಪನಿಗಳ ಟೀವಿ ಕಾರ್ಟೂನ್ ಕೆಲಸ ನಡೆದಿದೆ. ಬೆಂಗಳೂರಿನಲ್ಲೂ ಡ್ರೀಮ್‌ವರ್ಕ್ಸ್‌ಗೆಂದೇ ಒಂದು ತಂಡ ಇತ್ತು. ಒಳ್ಳೊಳ್ಳೆ ಕೈಗಳು ಎರಡೂ ಕಡೆ ಇವೆ. ಆದರೆ ಇಂಥ ಕೆಲಸ ಹೆಚ್ಚಾಗಿ ಕಥೆ ತೀರ್ಮಾನ ಆದಮೇಲೆ ಇಲ್ಲಿಗೆ ಬರುತ್ತದೆ. ಏನು ಆಗಬೇಕು ಅಂತ ಹೇಳುವ ಅವಕಾಶ ಇಲ್ಲದ ಕಡೆ ಹೆಸರು ಬೆಳೆಯುವುದು ತುಂಬಾ ಕಷ್ಟ. ಡೆಲ್ ಕಾರ್ಮೆನ್ ಕೂತದ್ದು ತೀರ್ಮಾನ ನಡೆಯುವ ಜಾಗದಲ್ಲಿ.

ಅದಕ್ಕೇ ನಿಮಗೆ ಹೇಳುವುದು ಇಷ್ಟು. ಪೋರ್ಟ್‌ಫೋಲಿಯೊದಲ್ಲಿ ಬರೀ ಚೆಂದದ ಒಂಟಿ ಚಿತ್ರಗಳಿದ್ದರೆ ಸಾಲದು. ನಿಮ್ಮ ಮನೆಯಲ್ಲೇ ನಡೆದ ಒಂದು ಸಣ್ಣ ಘಟನೆ ತಗೊಳ್ಳಿ. ಮೂವತ್ತು ಚೌಕಗಳಲ್ಲಿ, ಮಾತಿಲ್ಲದೆ, ಒರಟು ಗೆರೆಯಲ್ಲೇ ಬರೆಯಿರಿ. ಆ ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಸುಮ್ನೆ ಕೂತುಬಿಡಿ. ಯಾವ ಚೌಕದ ಹತ್ತಿರ ಅವರು "ಇದೇನಿದು?" ಅಂತ ತಲೆ ಎತ್ತುತ್ತಾರೋ, ಅಲ್ಲಿಂದ ಮತ್ತೆ ಬರೆಯಿರಿ.