ಉದ್ದ ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದ ಹಿಡಿಯುವುದು: ಎಂಡೋಸಲ್ಫಾನ್ ಓದುತ್ತಾ ಬರೆದ ಟಿಪ್ಪಣಿ

ಪ್ಲಸ್ ಟುವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಡಿಗ್ರಿಗೆ ಬಂದ ಮೇಲೆ ಇಂಗ್ಲಿಷ್ ಲೇಖನ, ವರದಿ ಓದಬೇಕಾಗಿರುವ ಕಾಸರಗೋಡಿನ ಕಡೆಯವರಿಗೆ ಈ ಟಿಪ್ಪಣಿ.

ಮೊದಲು ವಿಷಯದ ಆಯ್ಕೆ. ಕಥೆ ಮೊದಲೇ ಗೊತ್ತಿರುವ ಜಾಗತಿಕ ವಿಷಯವನ್ನೇ ತೆಗೆದುಕೊಳ್ಳಿ. ನಮಗೆ ಅದು ಎಂಡೋಸಲ್ಫಾನ್ ಎಂಬ ಕೀಟನಾಶಕ. 1970ರ ದಶಕದ ಕೊನೆಯಿಂದ 2000ದವರೆಗೆ ಎಣ್ಮಕಜೆ, ಮುಳಿಯಾರು ಕಡೆಯ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ್ದು ಮನೆಮನೆಗೂ ಗೊತ್ತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ, ಬೇಗ ಕರಗದೆ ಉಳಿಯುವ ವಿಷ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮರುತಿಂಗಳೇ ನಮ್ಮ ಸುಪ್ರೀಂ ಕೋರ್ಟ್ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ಹಾಕಿತು. ಇಷ್ಟು ತಲೆಯಲ್ಲಿದ್ದರೆ ಹೊಸ ಪದಗಳ ಅರ್ಥ ಹೆಚ್ಚಿನಂಶ ಊಹೆಗೇ ಸಿಗುತ್ತದೆ. ಡಿಕ್ಷನರಿಯನ್ನು ಎರಡನೇ ಓದಿಗೆ ಇಟ್ಟುಕೊಳ್ಳಿ.

ನಾವು ನಿಜವಾಗಿ ಸಿಕ್ಕಿಬೀಳುವುದು ವಾಕ್ಯದ ರಚನೆಯಲ್ಲಿ. ಅಭ್ಯಾಸಕ್ಕೆಂದು ನಾನೇ ಕಟ್ಟಿದ ವಾಕ್ಯ ಇದು:

"ದ ಪೆಸ್ಟಿಸೈಡ್ ಸ್ಪ್ರೇಯ್ಡ್ ಓವರ್ ದ ಪ್ಲಾಂಟೇಶನ್ಸ್ ಎಂಟರ್ಡ್ ದ ಸ್ಟ್ರೀಮ್ಸ್ ಯೂಸ್ಡ್ ಬೈ ದ ವಿಲೇಜರ್ಸ್."

ಸ್ಪ್ರೇಯ್ಡ್, ಎಂಟರ್ಡ್, ಯೂಸ್ಡ್: ಮೂರೂ ನೋಡಲು ಭೂತಕಾಲದ ಕ್ರಿಯಾಪದಗಳೇ. ಆದರೆ ವಾಕ್ಯವನ್ನು ಹೊತ್ತಿರುವುದು ಎಂಟರ್ಡ್ ಒಂದೇ. ಕನ್ನಡದಲ್ಲಿ ಈ ಗೊಂದಲಕ್ಕೆ ಎಡೆಯೇ ಇಲ್ಲ. "ತೋಟಕ್ಕೆ ಸಿಂಪಡಿಸಿದ ಕೀಟನಾಶಕ ಊರವರು ಬಳಸುವ ತೋಡುಗಳಿಗೆ ಸೇರಿತು" ಎನ್ನುವಾಗ "ಸಿಂಪಡಿಸಿದ" ಕೃದಂತ (ಕ್ರಿಯೆಯಿಂದ ಹುಟ್ಟಿ ನಾಮಪದಕ್ಕೆ ವಿಶೇಷಣವಾಗುವ ರೂಪ), "ಸೇರಿತು" ಕ್ರಿಯಾಪದ. ಪ್ರತ್ಯಯವೇ ಹೇಳಿಬಿಡುತ್ತದೆ. ಅಲ್ಲದೆ ನಮ್ಮ ಕೃದಂತ ನಾಮಪದದ ಮುಂಚೆ ಬರುತ್ತದೆ, ಕ್ರಿಯಾಪದ ವಾಕ್ಯದ ಕೊನೆಗೆ. ಇಂಗ್ಲಿಷಿನಲ್ಲಿ ಇಂಥ ಕಡೆ ಕೃದಂತ ನಾಮಪದದ ನಂತರ ಬಂದು ಕೂರುತ್ತದೆ, ರೂಪವೂ ಕ್ರಿಯಾಪದದ್ದೇ. ಹಾಗಾಗಿ "ಕೀಟನಾಶಕ ಸಿಂಪಡಿಸಿತು" ಎಂದು ಓದಿಕೊಂಡು ಮುಂದೆ ಹೋದರೆ ಎಂಟರ್ಡ್ ಯಾಕೆ ಬಂತೆಂದೇ ತಿಳಿಯುವುದಿಲ್ಲ.

ಬಿಡಿಸುವ ದಾರಿ ಎರಡು. ಒಂದು, ಅನುಮಾನದ ಪದದ ಮುಂಚೆ "ವಿಚ್ ವಾಸ್" ಅಥವಾ "ವಿಚ್ ವರ್" ಸೇರಿಸಿ ನೋಡುವುದು. "ಪೆಸ್ಟಿಸೈಡ್ ವಿಚ್ ವಾಸ್ ಸ್ಪ್ರೇಯ್ಡ್" ಸರಿಹೋಗುತ್ತದೆ, "ಸ್ಟ್ರೀಮ್ಸ್ ವಿಚ್ ವರ್ ಯೂಸ್ಡ್" ಕೂಡ. ಸರಿಹೋದರೆ ಅದು ಕೃದಂತ. "ವಿಚ್ ವಾಸ್ ಎಂಟರ್ಡ್ ದ ಸ್ಟ್ರೀಮ್ಸ್" ಹೊಂದುವುದೇ ಇಲ್ಲ. ಇನ್ನೊಂದು, ನನಗೆ ಹೆಚ್ಚು ನಂಬಿಕೆಯಿರುವುದು: ಇಡೀ ವಾಕ್ಯವನ್ನು ವರ್ತಮಾನಕಾಲಕ್ಕೆ ತಿರುಗಿಸಿ. ಎಂಟರ್ಡ್ ಹೋಗಿ ಎಂಟರ್ಸ್ ಆಗುತ್ತದೆ, ಉಳಿದೆರಡು ಅಲುಗಾಡುವುದಿಲ್ಲ. ಕಾಲ ಬದಲಾದಾಗ ತಾನೂ ಬದಲಾಗುವುದೇ ನಿಜವಾದ ಕ್ರಿಯಾಪದ.

"ಚಿಲ್ಡ್ರನ್ ಲಿವಿಂಗ್ ನಿಯರ್ ದ ಪ್ಲಾಂಟೇಶನ್ಸ್" ಥರದ್ದು ಸುಲಭ. ಈಸ್, ಆರ್, ವಾಸ್, ವರ್ ಇಂಥ ಜೊತೆಗಾರ ಇಲ್ಲದ "ಇಂಗ್" ರೂಪ ಒಂಟಿಯಾಗಿ ವಾಕ್ಯ ಹೊರುವುದಿಲ್ಲ.

ಕ್ರಿಯಾಪದ ಸಿಕ್ಕಿದ ಕೂಡಲೇ "ಯಾರು? ಏನು?" ಎಂದು ಕೇಳಿ, ಮಾರ್ಜಿನ್‌ನಲ್ಲಿ ಪೆನ್ಸಿಲಿನಿಂದ ಮೂರೇ ಪದ ಬರೆಯಿರಿ: ಪೆಸ್ಟಿಸೈಡ್ ಎಂಟರ್ಡ್ ಸ್ಟ್ರೀಮ್ಸ್. ಉಳಿದದ್ದೆಲ್ಲ ಇವಕ್ಕೆ ವಿಶೇಷಣ. ನಾವೇ ಬರೆಯುವಾಗಲೂ ಇದು ಕಾಪಾಡುತ್ತದೆ: "ದ ಯೂಸ್ ಆಫ್ ಪೆಸ್ಟಿಸೈಡ್ಸ್" ಆದ ಮೇಲೆ "ವಾಸ್" ಬರಬೇಕು, "ವರ್" ಅಲ್ಲ, ಏಕೆಂದರೆ ಕರ್ತೃ ಯೂಸ್.

ಹವಾಮಾನ ಬದಲಾವಣೆ ಓದುವವರು ಒಂದನ್ನು ನೆನಪಿಡಿ. ಐಪಿಸಿಸಿ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞ ಸಮಿತಿ) ವರದಿಗಳಲ್ಲಿ "ಲೈಕ್ಲಿ" ಎಂದರೆ ಕನಿಷ್ಠ ಶೇ. 66 ಸಂಭವನೀಯತೆ, "ವೆರಿ ಲೈಕ್ಲಿ" ಎಂದರೆ ಕನಿಷ್ಠ ಶೇ. 90. ಉತ್ತರಪತ್ರಿಕೆಯಲ್ಲಿ ಇವನ್ನು ಅದಲುಬದಲು ಮಾಡಬಾರದು, ಬಿಟ್ಟೂ ಬಿಡಬಾರದು.

ಎಂಡೋಸಲ್ಫಾನ್ ಆದ ಮೇಲೆ ಪಾದರಸದ ಮಿನಮಾಟಾ ಒಪ್ಪಂದ ಓದಿ. ವಿಷ, ಮೀನು, ನೀರು, ಪರಿಹಾರದ ಪದಗಳು ಮತ್ತೆ ಅಲ್ಲೇ ಸಿಗುತ್ತವೆ. ಅದರ ಬಗ್ಗೆಯೇ ಒಂದು ವಾಕ್ಯ ಅಭ್ಯಾಸಕ್ಕೆ: "ದ ಕನ್ವೆನ್ಷನ್ ಅಡಾಪ್ಟೆಡ್ ಇನ್ 2013 ಎಂಟರ್ಡ್ ಇಂಟು ಫೋರ್ಸ್ ಇನ್ 2017." ವರ್ತಮಾನಕ್ಕೆ ತಿರುಗಿಸಿ ನೋಡಿ, ಯಾವುದು ಬದಲಾಗುತ್ತದೆ?