ಕರಿಬೇವಿನ ಹುಳವೂ ನಿಲ್ಲದ ಚಿಟ್ಟೆಯೂ

ಓದುಗರ ಪ್ರಶ್ನೆ: ಉಡುಪಿ ಸಮೀಪ ಎಂಟು ಸೆಂಟ್ಸ್ ಜಾಗದಲ್ಲಿ ನಮ್ಮ ಮನೆ ಇದೆ. ಚಿಟ್ಟೆಗಳಿಗೆಂದೇ ನರ್ಸರಿಯಿಂದ ಜಿನಿಯಾ, ಚೆಂಡುಹೂ, ಗುಲಾಬಿ ತಂದು ಅಂಗಳದ ಬದಿಯಲ್ಲಿ ನೆಟ್ಟಿದ್ದೇವೆ. ಚಿಟ್ಟೆಗಳು ಬರುತ್ತವೆ, ಒಂದೆರಡು ಹೂವಿನ ಮೇಲೆ ಕುಳಿತು ಹೋಗಿಬಿಡುತ್ತವೆ. ಅವು ನಮ್ಮಲ್ಲೇ ಉಳಿಯಬೇಕಾದರೆ ಏನು ನೆಡಬೇಕು? ಹಾಗೆಯೇ, ಹಿತ್ತಿಲಿನ ಕರಿಬೇವಿನ ಗಿಡವನ್ನು ಹಸಿರು ಹುಳಗಳು ಬೋಳು ಮಾಡುತ್ತಿವೆ. ಅದಕ್ಕೆ ಏನು ಸಿಂಪಡಿಸಬೇಕು?

ಉತ್ತರ: ಎರಡನೆಯದಕ್ಕೇ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಏನನ್ನೂ ಸಿಂಪಡಿಸಬೇಡಿ. ಕರಿಬೇವಿನ ಮೇಲಿರುವ ಆ ಹಸಿರು ಹುಳಗಳು ಬಹುಮಟ್ಟಿಗೆ ನಿಂಬೆ ಚಿಟ್ಟೆಯ ಅಥವಾ ಕಾಮನ್ ಮಾರ್ಮನ್ ಚಿಟ್ಟೆಯ ಮರಿಗಳು. ಅಂಗಳದಲ್ಲಿ ನೀವು ಕಾಯುತ್ತಿರುವ ಚಿಟ್ಟೆಗಳು ಹಿತ್ತಿಲಿನಲ್ಲಿ ಆಗಲೇ ಸಂಸಾರ ಹೂಡಿವೆ.

ಗುರುತಿಸುವುದು ಕಷ್ಟವಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಕಂದು-ಬಿಳಿ ಬಣ್ಣದ್ದು. ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆ ಎಂದೇ ಕಾಣುತ್ತದೆ. ನಾಲ್ಕು ಸಲ ಪೊರೆ ಕಳಚಿ ಕೊನೆಯ ಹಂತಕ್ಕೆ ಬರುವಾಗ ದಪ್ಪಗೆ, ಹಚ್ಚಗೆ ಆಗುತ್ತದೆ. ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ತಲೆಯ ಹಿಂಬದಿಯಿಂದ ಕವಲೊಡೆದ ಅಂಗವೊಂದು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಅದು ಇರುವೆ, ಜೇಡಗಳನ್ನು ಬೆದರಿಸಲು. ನಮಗೆ ಅದರಿಂದ ಅಪಾಯವಿಲ್ಲ. ಮೊಟ್ಟೆ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು ಬೇಕು, ಅದರಲ್ಲಿ ಎಲೆ ತಿನ್ನುವುದು ಎರಡು-ಮೂರು ವಾರ ಮಾತ್ರ. ಬೇರೂರಿದ ಕರಿಬೇವು ಬೋಳಾದರೂ ಮತ್ತೆ ಚಿಗುರುತ್ತದೆ. ಒಗ್ಗರಣೆಗೆ ಎಲೆ ಸಾಲದೆಂದಾದರೆ ಇನ್ನೊಂದು ಕರಿಬೇವಿನ ಗಿಡ ಅಥವಾ ನಿಂಬೆ ಗಿಡ ನೆಡಿ. ಹುಳವನ್ನು ಕೈಯಿಂದ ಕೀಳಬೇಡಿ. ಅದು ಕುಳಿತಿರುವ ಎಲೆಯನ್ನೇ ತೊಟ್ಟಿನ ಸಮೇತ ಕತ್ತರಿಸಿ ಹೊಸ ಗಿಡದ ಕೊಂಬೆಗೆ ಸಿಕ್ಕಿಸಿದರೆ ತಾನಾಗಿ ದಾಟಿಕೊಳ್ಳುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹೂವು ಚಿಟ್ಟೆಗೆ ಊಟ ಕೊಡುತ್ತದೆ, ಮನೆ ಕೊಡುವುದಿಲ್ಲ. ಹೆಣ್ಣು ಚಿಟ್ಟೆ ಗಿಡದಿಂದ ಗಿಡಕ್ಕೆ ಹಾರುತ್ತ ಎಲೆಗಳ ಮೇಲೆ ಮುಂಗಾಲುಗಳಿಂದ ಪಟಪಟನೆ ಬಡಿಯುವುದನ್ನು ಗಮನಿಸಿದ್ದೀರಾ? ಕಾಲುಗಳಿಂದಲೇ ಅದು ಎಲೆಯ ರುಚಿ ನೋಡುತ್ತದೆ. ಪ್ರತಿಯೊಂದು ಜಾತಿಯ ಮರಿಗೂ ಒಗ್ಗುವ ಗಿಡಗಳು ಕೆಲವೇ ಕೆಲವು. ಆ ಎಲೆ ಸಿಗದಿದ್ದರೆ ಎಷ್ಟೇ ಹೂವಿದ್ದರೂ ಅದು ಮೊಟ್ಟೆಯಿಡದೆ ಮುಂದೆ ಹೋಗುತ್ತದೆ. ಆದ್ದರಿಂದ ಚಿಟ್ಟೆ ತೋಟ ಮಾಡುವವರು ಮೊದಲು ಯೋಚಿಸಬೇಕಾದದ್ದು ಎಲೆಯನ್ನು. ಹುಳ ತಿಂದು ತೂತಾದ ಎಲೆಗಳನ್ನು ನೋಡಿ ಸಂತೋಷಪಡುವ ಮನಸ್ಸೂ ಬೇಕು. ನನ್ನ ಮಟ್ಟಿಗೆ ಗೊಬ್ಬರ, ನೀರಿಗಿಂತ ಅದೇ ಮುಖ್ಯ.

ಕರಾವಳಿಯವರ ಭಾಗ್ಯವೆಂದರೆ ನಮ್ಮ ಹಿತ್ತಿಲುಗಳು ಅರ್ಧ ಚಿಟ್ಟೆ ತೋಟಗಳೇ ಆಗಿವೆ. ಮಾವು, ಗೇರು ಮರಗಳಲ್ಲಿ ಕಾಮನ್ ಬ್ಯಾರನ್ ಮೊಟ್ಟೆಯಿಡುತ್ತದೆ. ಅದರ ಹಸಿರು ಮರಿ ಮಾವಿನ ಎಲೆಯ ನಡುನರದ ಮೇಲೆ ಉದ್ದಕ್ಕೆ ಮಲಗಿದರೆ, ಬೆನ್ನಿನ ತೆಳುಗೆರೆ ನರಕ್ಕೆ ಸರಿಯಾಗಿ ಕೂಡಿಕೊಂಡು ಎದುರಿಗಿದ್ದರೂ ಕಾಣುವುದಿಲ್ಲ. ತೆಂಗು, ಅಡಿಕೆಯ ಗರಿಗಳಲ್ಲಿ ಪಾಮ್‌ಫ್ಲೈ ಬೆಳೆಯುತ್ತದೆ. ದಾಲ್ಚಿನ್ನಿ ಗಿಡವಿದ್ದರೆ ನೀಲಿ ಪಟ್ಟಿಯ ಬ್ಲೂಬಾಟಲ್, ಸೀತಾಫಲ ಅಥವಾ ಸಂಪಿಗೆ ಇದ್ದರೆ ಹಸಿರು ಚುಕ್ಕೆಗಳ ಟೇಲ್ಡ್ ಜೇ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪಲ್ಯ, ಪತ್ರೊಡೆಗೆಂದು ಚಿಗುರು ಕೊಯ್ಯುವ ತಜಂಕ್, ಅಂದರೆ ತಗತೆ, ಹಳದಿ ಮತ್ತು ತಿಳಿಬಿಳಿ ಚಿಟ್ಟೆಗಳ ಮರಿಗಳಿಗೂ ಆಹಾರ. ಬೇಲಿಯ ಬುಡದಲ್ಲಿ ನಾಲ್ಕು ಗಿಡ ಬಿಟ್ಟುಬಿಡಿ. ಕೊಂಕಣಿಗರು ಮೀನಿನ ಸಾರಿಗೆ ಹಾಕುವ ತೆಪ್ಪಳದ ಮುಳ್ಳಿನ ಮರ ಮಲಬಾರ್ ಬ್ಯಾಂಡೆಡ್ ಪೀಕಾಕ್ ಚಿಟ್ಟೆಯ ತವರು. ಎಂಟು ಸೆಂಟ್ಸಿಗೆ ಅದು ದೊಡ್ಡದಾಯಿತು, ಆದರೆ ತೋಟವಿರುವ ನೆಂಟರ ಜಾಗದಲ್ಲಿ ಅಂಥ ಮರವಿದ್ದರೆ ಕಡಿಯದಂತೆ ಹೇಳಿ. ಕಣಗಿಲೆ ಗಿಡದ ಎಲೆಯಡಿ ಕನ್ನಡಿಯಂತೆ ಹೊಳೆಯುವ ಕೋಶ ತೂಗುತ್ತಿದ್ದರೆ ಅದು ಕಾಮನ್ ಕ್ರೋ ಚಿಟ್ಟೆಯದು. ರಸ್ತೆಬದಿಯ ಎಕ್ಕದ ಗಿಡ ಪ್ಲೇನ್ ಟೈಗರ್‌ಗೆ ಸಾಕು.

ಹೊಸದಾಗಿ ನೆಡುವುದಕ್ಕೆ ಒಂದೇ ಒಂದನ್ನು ಆರಿಸಿ ಎಂದರೆ ನಾನು ಈಶ್ವರಿ ಬಳ್ಳಿಯನ್ನು ಹೇಳುತ್ತೇನೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವ ಬಳ್ಳಿ ಅದು. ರೆಕ್ಕೆ ಹರವಿದರೆ 14ರಿಂದ 19 ಸೆಂಟಿಮೀಟರ್ ಅಗಲ, ಕಪ್ಪು ಮತ್ತು ಹೊನ್ನಿನ ಹಳದಿ. ದೂರದಿಂದ ಹಕ್ಕಿಯೇ ಎನಿಸುತ್ತದೆ. ಇದು ಹೆಚ್ಚಾಗಿ ಕಾಣುವುದು ಘಟ್ಟದ ಬುಡದ, ಹಾಡಿಗಳು, ಅಂದರೆ ಕಿರುಕಾಡುಗಳು, ಉಳಿದಿರುವ ಊರುಗಳಲ್ಲಿ. ಪೇಟೆಯ ಮನೆಗಳಿಗೆ ಮೊದಲು ಬರುವುದು ಅದೇ ಬಳ್ಳಿಯನ್ನು ನೆಚ್ಚಿರುವ ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್.

ಈ ಬಳ್ಳಿಯ ಎಲೆಯಲ್ಲಿ ವಿಷವಿದೆ. ಮರಿಗಳು ಅದನ್ನು ತಿಂದು ಮೈಯಲ್ಲಿ ಶೇಖರಿಸಿಕೊಳ್ಳುತ್ತವೆ, ಚಿಟ್ಟೆಯಾದ ಮೇಲೂ ಆ ವಿಷ ಉಳಿಯುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ಚಿಟ್ಟೆಯ ತಂಟೆಗೆ ಹೋಗುವುದಿಲ್ಲ. ನಿಮ್ಮ ಕರಿಬೇವಿನ ಹುಳದ ಕಥೆ ಇಲ್ಲಿ ಬಂದು ಸೇರುತ್ತದೆ. ಕರಿಬೇವು ತಿಂದು ಬೆಳೆದ ಕಾಮನ್ ಮಾರ್ಮನ್ ಮೈಯಲ್ಲಿ ಅಂಥ ವಿಷವಿಲ್ಲ. ಆದರೆ ಅದರ ಹೆಣ್ಣುಗಳಲ್ಲಿ ಮೂರು ವೇಷಗಳಿವೆ: ಕೆಲವು ಗಂಡಿನ ಹಾಗೆಯೇ ಇರುತ್ತವೆ, ಕೆಲವು ಕಾಮನ್ ರೋಸ್‌ನ ಬಣ್ಣ ತೊಡುತ್ತವೆ, ಇನ್ನು ಕೆಲವು ಕ್ರಿಮ್ಸನ್ ರೋಸ್‌ನ ಬಣ್ಣ ತೊಡುತ್ತವೆ. ಹಕ್ಕಿಗಳು ಮೋಸಹೋಗುತ್ತವೆ. ನಾವು ಮೋಸಹೋಗಬೇಕಿಲ್ಲ, ಮೈ ನೋಡಿದರೆ ಸಾಕು: ರೋಸ್ ಚಿಟ್ಟೆಯ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು. ಕರಿಬೇವು ಮತ್ತು ಈಶ್ವರಿ ಒಂದೇ ಅಂಗಳದಲ್ಲಿದ್ದರೆ ಅಸಲಿಯೂ ನಕಲಿಯೂ ಒಂದೇ ದಾಸವಾಳದ ಗಿಡದಲ್ಲಿ ಕಾಣಸಿಗಬಹುದು. ಇಷ್ಟು ದೊಡ್ಡ ನಾಟಕವನ್ನು ಮನೆಬಾಗಿಲಿನಲ್ಲಿ ನೋಡುವ ಅವಕಾಶ ಎರಡು ಗಿಡಗಳಿಂದ ಸಿಗುತ್ತದೆ ಎನ್ನುವುದು ನನಗೆ ಈಗಲೂ ಬೆರಗು.

ಎರಡು ಎಚ್ಚರಿಕೆ. ಈಶ್ವರಿ ಬಳ್ಳಿ ಹಳೆಯ ನಾಟಿ ಔಷಧಿಗಳಲ್ಲಿ ಬಳಕೆಯಾಗಿದೆ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಕ್ಕೆ ಹಾನಿಕರ, ಯಾವ ಕಾರಣಕ್ಕೂ ಸೇವಿಸಬೇಡಿ. ಎರಡನೆಯದು, ಇದೇ ಕುಟುಂಬದ, ದೊಡ್ಡ ವಿಚಿತ್ರ ಹೂಗಳ ವಿದೇಶಿ ಅಲಂಕಾರದ ಬಳ್ಳಿಯನ್ನು ಇದರ ಬದಲಿಗೆ ತರಬೇಡಿ. ಆಸ್ಟ್ರೇಲಿಯದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಅಂಥ ದಕ್ಷಿಣ ಅಮೆರಿಕದ ಬಳ್ಳಿಯ ಮೇಲೆ ಮೊಟ್ಟೆಯಿಟ್ಟು, ಎಲೆ ತಿಂದ ಮರಿಗಳೆಲ್ಲ ಸಾಯುತ್ತಿದ್ದವು. ಆ ಬಳ್ಳಿಯನ್ನು ಕಿತ್ತು ಅಲ್ಲಿನ ಮೂಲ ಬಳ್ಳಿಯನ್ನು ನೆಡುವ ಕೆಲಸವನ್ನೇ ಜನ ಕೈಗೊಳ್ಳಬೇಕಾಯಿತು.

ಹೂವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಿನಿಯಾ, ಚೆಂಡುಹೂ ಇರಲಿ. ಗುಲಾಬಿಯಿಂದ ಚಿಟ್ಟೆಗೆ ಹೆಚ್ಚಿನ ಪ್ರಯೋಜನವಿಲ್ಲ. ಸುತ್ತು ಸುತ್ತಿನ ದಳಗಳ ನಡುವೆ ಅದಕ್ಕೆ ಮಕರಂದ ಸಿಗುವುದು ಕಷ್ಟ. ಆ ಜಾಗದಲ್ಲಿ ನಮ್ಮ ಗುಡ್ಡೆಯ ಕೇಪಳ ನೆಡಿ. ನರ್ಸರಿಯ ಗಿಡ್ಡ ತಳಿಗಿಂತ ಮುರಕಲ್ಲಿನ ಪಾದೆಯಲ್ಲಿ ಬೆಳೆಯುವ ಕೆಂಪು ಕೇಪಳವೇ ಒಳ್ಳೆಯದು. ರಥಪುಷ್ಪವೂ ಹಾಗೆಯೇ, ದೊಡ್ಡ ಚಿಟ್ಟೆಗಳು ಅದನ್ನು ಬಿಟ್ಟು ಹೋಗುವುದಿಲ್ಲ. ಲಂಟಾನಕ್ಕೂ ಚಿಟ್ಟೆಗಳು ಮುತ್ತುತ್ತವೆ ನಿಜ, ಆದರೆ ಅದು ಹಬ್ಬಿ ಗುಡ್ಡೆಗಳನ್ನೇ ನುಂಗುತ್ತಿದೆ, ನೆಡಬೇಡಿ. ಮೇ ತಿಂಗಳಲ್ಲಿ ಬಿದ್ದು ಕೊಳೆಯುವ ಗೇರುಹಣ್ಣು, ಹಲಸನ್ನು ಒಂದು ಮೂಲೆಯಲ್ಲಾದರೂ ಬಿಡಿ, ಬ್ಯಾರನ್‌ನಂಥ ಚಿಟ್ಟೆಗಳಿಗೆ ಹೂವಿಗಿಂತ ಅದೇ ಇಷ್ಟ.

ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದ್ದರೆ ಒಂದು ಮೂಲೆಯ ಕಲ್ಲು ತೆಗೆಸಿ ಮಣ್ಣು ಒದ್ದೆಯಾಗಿರುವಂತೆ ನೋಡಿಕೊಳ್ಳಿ. ಗಂಡು ಚಿಟ್ಟೆಗಳು ಒದ್ದೆ ಮಣ್ಣಿನಿಂದ ಉಪ್ಪಿನಂಶ ಹೀರುತ್ತವೆ, ಮಿಲನದ ವೇಳೆ ಅದು ಹೆಣ್ಣಿಗೆ ಹೋಗುತ್ತದೆ.

ನೆಡಲು ಜೂನ್‌ನ ಮೊದಲ ಮಳೆಗಳಿಗಿಂತ ಒಳ್ಳೆಯ ಕಾಲವಿಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಸುರಿಯುವ ಮಳೆಯ ಬಹುಪಾಲು ಸೆಪ್ಟೆಂಬರ್ ಒಳಗೆ ಬಿದ್ದುಬಿಡುತ್ತದೆ, ಆದ್ದರಿಂದ ಬುಡದಲ್ಲಿ ನೀರು ನಿಲ್ಲದಂತೆ ಏರು ಮಾಡಿ. ಆಟಿಯ ಮಳೆಯಲ್ಲಿ ಚಿಟ್ಟೆ ಕಾಣಲಿಲ್ಲವೆಂದು ಬೇಸರ ಬೇಡ. ಅದರ ಮುಂದಿನ ಸೋಣ ತಿಂಗಳಲ್ಲಿ ಬಿಸಿಲು ಮಳೆ ಬೆರೆತು ಬರತೊಡಗಿದಾಗ ಎಲೆಯೂ ಹೇರಳ, ಚಿಟ್ಟೆಯೂ ಹೇರಳ. ಬೆಳಗಿನ ಬಿಸಿಲು ಬೀಳುವ ಕಡೆ ಗಿಡಗಳಿರಲಿ. ರೆಕ್ಕೆ ಬೆಚ್ಚಗಾಗದೆ ಚಿಟ್ಟೆ ಹಾರಲಾರದು.

ನರ್ಸರಿಯ ಗಿಡಗಳಿಗೆ ಹೆಚ್ಚಾಗಿ ಕೀಟನಾಶಕ ಹೊಡೆದಿರುತ್ತಾರೆ. ತಂದ ಗಿಡ ಹೊಸ ಎಲೆ ಬಿಡುವವರೆಗೆ ಕಂಡ ಮೊಟ್ಟೆಗಳನ್ನು ಅದಕ್ಕೆ ಸಾಗಿಸಬೇಡಿ. ಬೇವಿನ ಎಣ್ಣೆ ಸಾವಯವ ತಾನೇ ಎಂದು ಹಲವರು ಕೇಳುತ್ತಾರೆ. ಹೌದು, ಆದರೆ ಮರಿ ಪೊರೆ ಕಳಚುವುದನ್ನೇ ಅದು ತಡೆಯುತ್ತದೆ. ಚಗಳಿ ಇರುವೆ, ಬುಲ್‌ಬುಲ್, ಪರಾವಲಂಬಿ ಕಣಜಗಳು ಬಹುಪಾಲು ಮರಿಗಳನ್ನು ಮುಗಿಸುತ್ತವೆ. ಅದಕ್ಕಾಗಿ ಇರುವೆಗೂಡು ಸುಡಬೇಡಿ, ಎಲ್ಲ ಮೊಟ್ಟೆಗಳೂ ಚಿಟ್ಟೆಗಳಾದರೆ ಊರಿನ ಎಲೆ ಸಾಲುವುದಿಲ್ಲ. ಮಕ್ಕಳಿಗೆ ತುರಿಕೆಯಾದೀತೆಂಬ ಭಯವಿದ್ದರೆ, ನುಗ್ಗೆ ಮರದ ಕಾಂಡದಲ್ಲಿ ಗುಂಪುಗೂಡುವ ಕಂಬಳಿಹುಳ ಪತಂಗದ್ದು. ಕರಿಬೇವಿನ ನುಣುಪು ಹುಳಕ್ಕೆ ಹೆದರಬೇಕಿಲ್ಲ.

ಮಂಗಳೂರಿನ ಫ್ಲ್ಯಾಟ್‌ಗಳಲ್ಲಿರುವವರೂ ಇದನ್ನೇ ಕೇಳುತ್ತಿರುತ್ತಾರೆ. ಬಾಲ್ಕನಿಯಲ್ಲಿ ಕುಂಡದ ನಿಂಬೆ, ಕರಿಬೇವಿನ ಜೊತೆ ಕಾಡುಬಸಳೆ ಇಡಿ. ಕಪ್ಪು, ಬಿಳಿ, ಕಿತ್ತಳೆಯ ಪುಟ್ಟ ರೆಡ್ ಪಿಯರೋ ಅದರ ಎಲೆಯ ಮೇಲೆ ಮೊಟ್ಟೆಯಿಡುತ್ತದೆ, ಮರಿ ದಪ್ಪ ಎಲೆಯ ಒಳಗೇ ಸುರಂಗ ಕೊರೆದು ಬದುಕುತ್ತದೆ. ಕೆಳಗಿನ ಮಹಡಿಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮೇಲೆ ಹೋದಷ್ಟೂ ಗಾಳಿಯ ಹೊಡೆತ ಹೆಚ್ಚು.

ಗಿಡಗಳನ್ನು ಕಣ್ಣಾರೆ ಕಂಡು ಗುರುತು ಮಾಡಿಕೊಳ್ಳಬೇಕಾದರೆ ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರು ಕಟ್ಟಿರುವ ಚಿಟ್ಟೆ ಪಾರ್ಕ್ ಇದೆ. ಮರಿಗಳಿಗೆ ಬೇಕಾದ ಗಿಡ ಬೆಳೆಸಿ ಚಿಟ್ಟೆಗಳನ್ನು ಕರೆತಂದ ತಾಣ ಅದು. ವರ್ಷವಿಡೀ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಮಳೆಗಾಲದ ಕೊನೆಯಲ್ಲಿ ಹೋಗಿ. ಈಶ್ವರಿ ಬಳ್ಳಿಯ ಎಲೆ ಹೇಗಿರುತ್ತದೆಂದು ನೋಡಿ ಬಂದರೆ, ನಿಮ್ಮ ಊರಿನ ಬೇಲಿಯಲ್ಲೇ ಅದು ಸಿಕ್ಕರೂ ಸಿಗಬಹುದು.